ಎಡಗೈಯಲ್ಲಿ ಕೊಟ್ಟ ಕಾಫಿ

ತುಮಕೂರನ್ನು ನಾನು ಮೊದಲು ಕಂಡದ್ದು ನನ್ನ ಅಣ್ಣನ ಬಾಯಲ್ಲಿ. ಅವನು ವರ್ಷಕ್ಕೊಮ್ಮೆ ಯುಗಾದಿಗೆ ಊರಿಗೆ ಬರುತ್ತಿದ್ದ. ನಮ್ಮದು ಕುಣಿಗಲ್ ತಾಲ್ಲೂಕು, ಮಾರ್ಕೋನಹಳ್ಳಿ ಕಟ್ಟೆಯ ನೀರು ಹರಿಯುವ ಕಡೆ. ಗದ್ದೆಗೆ ನೀರಿತ್ತು, ಉಣ್ಣುವುದಕ್ಕಿತ್ತು. ಇಬ್ಬರು ಗಂಡುಮಕ್ಕಳಿಗೆ ಸಾಲುವಷ್ಟು ನೆಲ ಮಾತ್ರ ಇರಲಿಲ್ಲ. ಹಾಗಾಗಿ ದೊಡ್ಡವನು ತುಮಕೂರಿನ ಅಂಚಿನ ಸತ್ಯಮಂಗಲದಲ್ಲಿ ಒಂದು ತಗಡಿನ ಡಬ್ಬದ ಫ್ಯಾಕ್ಟರಿ ಸೇರಿದ್ದ. ಹಬ್ಬದ ಮಾರನೆಯ ದಿನ ಹೊಸತೊಡಕಿನ ಬಾಡೂಟ ಉಂಡು ಜಗಲಿಯ ಮೇಲೆ ಕಾಲು ಚಾಚಿದನೆಂದರೆ ತುಮಕೂರಿನ ಪುರಾಣ ಶುರು. ರಸ್ತೆಯ ಎರಡೂ ಕಡೆ ಟ್ಯೂಬ್‌ಲೈಟು, ತಿರುಗಿಸಿದರೆ ಧೋ ಎಂದು ನೀರು ಸುರಿಸುವ ನಲ್ಲಿ, ಕೂತಲ್ಲಿಗೇ ಬರುವ ಮಸಾಲೆ ದೋಸೆ. ಫ್ಯಾಕ್ಟರಿಯಲ್ಲಿ ಬಿಸಿಲಿಲ್ಲ, ಕೆಸರಿಲ್ಲ, ಕೂತುಕೊಂಡೇ ಕೆಲಸ.

"ಸುಳ್ಳು ಹೇಳಿದ್ರೂ ಸೊಗಸಾಗ್ ಹೇಳ್ತಾನೆ ಬುಡು ನನ್ ಮಗ" ಎಂದು ಅವ್ವ ನಗುತ್ತಿದ್ದಳು. ನಾನು ನಗುತ್ತಿರಲಿಲ್ಲ. ಒಂದೊಂದು ಮಾತನ್ನೂ ನಂಬಿ ಕೂತಿದ್ದೆ.

ಎಪ್ಪತ್ತರ ದಶಕ ಮುಗಿಯುತ್ತಿದ್ದ ಹೊತ್ತು. ಆ ವರ್ಷ ಅಣ್ಣ ಯುಗಾದಿಗೆ ಬರಲಿಲ್ಲ. ಗೌರಿ ಹಬ್ಬಕ್ಕೂ ಬರಲಿಲ್ಲ. ಆಗಾಗ ಒಂದು ಕಾರ್ಡು ಗೀಚಿ ಹಾಕುತ್ತಿದ್ದವನು ಅದನ್ನೂ ನಿಲ್ಲಿಸಿದ. ಯಾವಳೋ ಪ್ಯಾಟೆಯವಳು ಮಗನನ್ನು ಬುಟ್ಟಿಗೆ ಹಾಕಿಕೊಂಡಿದ್ದಾಳೆ ಎಂದು ಅವ್ವ ಒಳಗೊಳಗೇ ಕುದಿಯುತ್ತಿದ್ದಳು. ಮಾರ್ನೋಮಿ ಕಳೆದ ಮೇಲೆ, ಕುಣಿಗಲ್ ಸಂತೆಯಲ್ಲಿ ಪರಿಚಯದವರೊಬ್ಬರು ಅಪ್ಪನನ್ನು ನಿಲ್ಲಿಸಿ, "ನಿಮ್ ದೊಡ್ಡೋನು ಹೇಳ್ಕಳ್ಸವ್ನೆ. ಅವನ್ ಫ್ಯಾಕ್ಟ್ರೀಲೇ ಕೆಲಸ ಐತಂತೆ, ಚಿಕ್ಕೋನ್ನ ಕಳಿಸ್ಬೇಕಂತೆ" ಎಂದರು.

ನಾನು ಪಿಯುಸಿಯಲ್ಲಿ ಡುಮ್ಕಿ ಹೊಡೆದು ಊರ ಮುಂದಿನ ಕಟ್ಟೆಯ ಮೇಲೆ ಕೂತಿರುತ್ತಿದ್ದ ಕಾಲ. ಕುಣಿದಾಡಿಬಿಟ್ಟೆ. ಅವ್ವನಿಗೆ ಮಾತ್ರ ಮನಸ್ಸಿರಲಿಲ್ಲ; ಒಬ್ಬ ಹೋದವನೇ ಬರುತ್ತಿಲ್ಲ, ಇನ್ನೊಬ್ಬನೂ ಯಾಕೆ ಎಂದಳು. ಅಪ್ಪ ಒಂದೇ ಮಾತಿಗೆ ಮುಗಿಸಿದ. "ಹೇಳ್ಕಳ್ಸವ್ನೆ ಅಂದ್ಮೇಲೆ ಹೋಗ್ದಿದ್ರೆ ಚೆಂದಾಗಿರಲ್ಲ ಕಣೇ."

ಅವ್ವ ಒಂದು ಚೀಲ ರಾಗಿ ಹಿಟ್ಟು, ಒಂದು ಡಬ್ಬ ತುಪ್ಪ ಕಟ್ಟಿಕೊಟ್ಟಳು. ಅದನ್ನು ತೊಡೆಯ ಮೇಲಿಟ್ಟುಕೊಂಡು ಕುಣಿಗಲ್ಲಿನಿಂದ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ನನ್ನ ತಲೆಯಲ್ಲಿ ಟ್ಯೂಬ್‌ಲೈಟು ಉರಿಯುತ್ತಿತ್ತು.

ತುಮಕೂರಿನ ಬಸ್‌ಸ್ಟ್ಯಾಂಡಿನಲ್ಲಿ ಇಳಿದಾಗ ಕಾಲಿಟ್ಟದ್ದೇ ರಾಡಿಯಲ್ಲಿ. ಉಚ್ಚೆ ನಾತ, ಕೊಳೆತ ಬಾಳೆಹಣ್ಣಿನ ನಾತ, ಸುಟ್ಟ ಡೀಸೆಲ್ಲಿನ ನಾತ. ಕಾಯಿ ತುಂಬಿದ ಲಾರಿಗಳು ಎಬ್ಬಿಸಿದ ಧೂಳು ಅಂಗಡಿಗಳ ಬೋರ್ಡಿನ ಮೇಲೆ ಹಿಟ್ಟಿನ ಹಾಗೆ ಕೂತಿತ್ತು. ಜಟಕಾ ಕುದುರೆಯೊಂದರ ಬೆನ್ನ ಹುಣ್ಣಿಗೆ ನೊಣ ಮುತ್ತಿದ್ದವು. ಅದು ಬಾಲ ಬೀಸುವುದನ್ನೂ ಬಿಟ್ಟಿತ್ತು. ಅಣ್ಣ ಹೇಳಿದ್ದ ನಲ್ಲಿಯೂ ಕಣ್ಣಿಗೆ ಬಿತ್ತು. ಅದರ ಮುಂದೆ ಬಿಂದಿಗೆಗಳ ಸಾಲು, ಒಬ್ಬರ ಜಡೆ ಒಬ್ಬರು ಹಿಡಿದುಕೊಂಡು ನಿಂತಿದ್ದ ಇಬ್ಬರು ಹೆಂಗಸರು, ನಲ್ಲಿಯಲ್ಲಿ ಹನಿ ನೀರಿಲ್ಲ. ದೂರದ ಬೆಟ್ಟ ನುಣ್ಣಗೆ ಅನ್ನುತ್ತಾರಲ್ಲ, ಇದಕ್ಕಿಂತ ನಮ್ಮ ಕುಣಿಗಲ್ಲೇ ವಾಸಿ ಅನ್ನಿಸಿ ಅಳುವೇ ಬಂದಿತು.

ನಾವು ಹಾಕಿದ್ದ ಕಾರ್ಡು ತಲುಪಿತ್ತು, ಅಣ್ಣ ಒಂದು ಕಂಬಕ್ಕೆ ಒರಗಿ ನಿಂತಿದ್ದ. ನನ್ನನ್ನು ಕಂಡು ನಕ್ಕ, ಆದರೆ ಮುಂದೆ ಬರಲಿಲ್ಲ. ಸೆಕೆಯಲ್ಲೂ ತುಂಬು ತೋಳಿನ ಅಂಗಿ ಹಾಕಿದ್ದ. ಹೆಗಲ ಮೇಲಿನ ಟವೆಲಿನ ತುದಿಯನ್ನು ಬಲಗೈಗೆ ಸುತ್ತಿಕೊಂಡಿದ್ದ. ಚೀಲವನ್ನು ಎಡ ಹೆಗಲಿಗೆ ಏರಿಸಿಕೊಂಡು, "ಅವ್ವ ಹೆಂಗವ್ಳೆ?" ಎಂದು ಕೇಳಿದವನು ಉತ್ತರಕ್ಕೂ ಕಾಯದೆ ಹೋಟೆಲಿನೊಳಕ್ಕೆ ನಡೆದ.

ದೋಸೆ ಇರಲಿಲ್ಲ. ಕಾಫಿ ಬಂತು, ಪಾತ್ರೆ ತೊಳೆದ ನೀರಿನ ಬಣ್ಣದ್ದು. ಅಣ್ಣ ಲೋಟವನ್ನು ಎಡಗೈಯಲ್ಲಿ ಎತ್ತಿ ನನಗೆ ಕೊಟ್ಟ.

ನಮ್ಮ ಮನೆಯಲ್ಲಿ ಭಿಕ್ಷುಕನಿಗೂ ಎಡಗೈಯಲ್ಲಿ ಕೊಡುವ ಹಾಗಿರಲಿಲ್ಲ. ಚಿಕ್ಕಂದಿನಲ್ಲಿ ನಾನು ಎಡಗೈಯಲ್ಲಿ ರೊಟ್ಟಿ ಮುರಿದದ್ದಕ್ಕೆ ಅವ್ವ ಊದುಗೊಳವೆಯಲ್ಲಿ ಬಾರಿಸಿದ್ದಳು. ಅಷ್ಟು ದೂರದಿಂದ ಬಂದ ತಮ್ಮನಿಗೆ ಇವನು ಎಡಗೈಯಲ್ಲಿ ಕಾಫಿ ಕೊಡುತ್ತಾನೆ! ನನಗೆ ಮೊದಲೇ ಮೂಗಿನ ತುದಿಯಲ್ಲಿ ಕೋಪ. ಪ್ಯಾಟೆಯ ಗಾಳಿ ತಲೆಗೇರಿದೆ ಅಂದುಕೊಂಡು ಮುಖ ತಿರುಗಿಸಿ ಕುಡಿದೆ. ಗಲ್ಲಾದವನಿಗೂ ಅವನು ಎಡಗೈಯಲ್ಲೇ ದುಡ್ಡು ಕೊಟ್ಟ. ನಮ್ಮ ಕಡೆಯಾಗಿದ್ದರೆ ಅಂಗಡಿಯವನು ಬೈದು ಬಿಸಾಡುತ್ತಿದ್ದ. ಈ ಗಲ್ಲಾದವನು ಅಣ್ಣನ ಟವೆಲನ್ನು ಒಮ್ಮೆ ನೋಡಿ, ತಲೆ ತಗ್ಗಿಸಿ ತೆಗೆದುಕೊಂಡ.

ಸತ್ಯಮಂಗಲಕ್ಕೆ ನಡೆದೇ ಹೋದೆವು. ಊರು ತೆಳುವಾಗುತ್ತ ಬಂದ ಹಾಗೆ ಒಂದು ಸದ್ದು ಶುರುವಾಯಿತು. ಧಡ್. ಸ್ವಲ್ಪ ಬಿಟ್ಟು ಇನ್ನೊಂದು ಧಡ್. ಮೊದಲು ಅದು ಕಿವಿಗಿಂತ ಅಂಗಾಲಿಗೆ ತಿಳಿಯುತ್ತಿತ್ತು. ಏನದು ಎಂದು ಕೇಳಿದ್ದಕ್ಕೆ ಅಣ್ಣ "ಪ್ರೆಸ್ಸು" ಎಂದ, ಅಷ್ಟೇ. ಶೆಡ್ಡುಗಳ ಎದುರಿನ ಟೀ ಅಂಗಡಿಯಲ್ಲಿ ಕೆಲಸದವರು ನಾಲ್ಕೈದು ಜನ ನಿಂತಿದ್ದರು. ಅವರಲ್ಲಿ ಇಬ್ಬರು ಲೋಟವನ್ನು ಎಡಗೈಯಲ್ಲಿ ಹಿಡಿದಿದ್ದರು. ಈ ಊರಿಗೆ ಊರೇ ಎಡಚರು ಎಂದು ಮನಸ್ಸಿನಲ್ಲೇ ಗೇಲಿ ಮಾಡಿಕೊಂಡೆ. ಆದರೆ ಅವರೆಲ್ಲ ಮಾತು ನಿಲ್ಲಿಸಿ ನನ್ನನ್ನೇ ನೋಡುತ್ತಿದ್ದದ್ದು ಯಾಕೋ ಸರಿ ಬರಲಿಲ್ಲ.

ಅಣ್ಣನದು ಸಾಲು ಮನೆಗಳಲ್ಲಿ ಒಂದು ಕೋಣೆ, ಮೇಲೆ ಶೀಟು. ಅದೇ ಫ್ಯಾಕ್ಟರಿಯಲ್ಲಿ ಡಬ್ಬಗಳಿಗೆ ಬಣ್ಣ ಹೊಡೆಯುವ ಗುಬ್ಬಿಯ ಕಡೆಯವನೊಬ್ಬ ಅವನ ಜೊತೆಗಿದ್ದ. ವಯಸ್ಸಿನಲ್ಲಿ ನಮ್ಮಿಬ್ಬರಿಗಿಂತ ದೊಡ್ಡವನು, ಅಡಿಗೆಯೆಲ್ಲ ಅವನದೇ. ನನ್ನನ್ನು ಕಂಡವನು ಹೆಸರು ಕೇಳಲಿಲ್ಲ, ಊರು ಕೇಳಲಿಲ್ಲ.

"ಇವನೇನಾ?" ಎಂದು ಅಣ್ಣನನ್ನು ಕೇಳಿ, ನನ್ನ ಎರಡೂ ಕೈಗಳನ್ನು ಸ್ವಲ್ಪ ಹೊತ್ತು ನೋಡಿದ. ನಾನು ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡೆ.

ದೀಪ ಹಚ್ಚುವ ಹೊತ್ತಿಗೆ ಗುಬ್ಬಿಯವನು ಅವ್ವ ಕಳಿಸಿದ ಹಿಟ್ಟಿನಲ್ಲಿ ಮುದ್ದೆ ತಿರುವಿ, ಸೊಪ್ಪಿನ ಸಾರು ಬಡಿಸಿದ. ಅಣ್ಣ ತನ್ನ ತಟ್ಟೆ ತೆಗೆದುಕೊಂಡು ಮೂಲೆಗೆ ಹೋಗಿ, ಗೋಡೆಗೆ ಮುಖ ಮಾಡಿ ಕೂತ. ನಾನು ಬಗ್ಗಿ ನೋಡಿದೆ. ಮುದ್ದೆಯನ್ನು ಎಡಗೈಯಲ್ಲಿ ಮುರಿಯುತ್ತಿದ್ದ.

ಬೆಳಗಿನಿಂದ ತಡೆದಿದ್ದೆಲ್ಲ ಉಕ್ಕಿ ಬಂತು. "ಏನಣ್ಣ, ಪ್ಯಾಟೆ ಸೇರಿದ್ಮೇಲೆ ಉಣ್ಣೋ ಕೈ ಯಾವ್ದು, ತೊಳಿಯೋ ಕೈ ಯಾವ್ದು ಅಂತ ಮರ್ತೋಯ್ತಾ? ಅವ್ವ ಕಂಡಿದ್ರೆ ಕೈ ಮುರೀತಿದ್ಲು."

ಗುಬ್ಬಿಯವನೇ ಮಾತಾಡಿದ. "ತೋರ್ಸೋ ಅವನಿಗೆ. ಎಷ್ಟ್ ದಿನಾಂತ ಮುಚ್ಕೊಂಡ್ ಓಡಾಡ್ತೀಯ? ನಾಳೆ ಕೂರೋನು ಅವನು ತಾನೆ?"

ಅಣ್ಣ ಈ ಕಡೆ ತಿರುಗಿ ಟವೆಲು ಬಿಚ್ಚಿದ. ಹೆಬ್ಬೆರಳಿತ್ತು. ಕಿರುಬೆರಳಿತ್ತು. ನಡುವೆ ಏನೂ ಇರಲಿಲ್ಲ, ನುಣ್ಣನೆಯ ಗುಲಾಬಿ ಚರ್ಮವೊಂದು ಬಿಟ್ಟು.

ಅಣ್ಣ ಸಣ್ಣ ದನಿಯಲ್ಲಿ ಹೇಳುತ್ತಾ ಹೋದ. ಡಬ್ಬದ ಮುಚ್ಚಳ ಕತ್ತರಿಸುವ ಪ್ರೆಸ್ಸು ಅದು. ಯುಗಾದಿಗೆ ಮುಂಚೆ ಆದದ್ದು. ಆಸ್ಪತ್ರೆಯ ಖರ್ಚು ಮಾಲೀಕರೇ ನೋಡಿಕೊಂಡರು, ಆಮೇಲೆ ಗೇಟಿನ ಹತ್ತಿರ ಕೂರಿಸಿದರು. ಆದರೆ ಆ ಪ್ರೆಸ್ಸಿಗೆ ತುಮಕೂರಿನವರು ಯಾರೂ ಬರುತ್ತಿಲ್ಲ. ಸೂಪರ್‌ವೈಸರು ಖಡಾಖಂಡಿತವಾಗಿ ಹೇಳಿಬಿಟ್ಟಿದ್ದ: ನಿನ್ನ ಜಾಗಕ್ಕೆ ನಿಮ್ಮವನೇ ಒಬ್ಬನನ್ನು ತಂದು ಕೂರಿಸು, ಗೇಟಿನ ಕೆಲಸ ನಿನಗೆ ಉಳಿಯುತ್ತದೆ, ಇಲ್ಲದಿದ್ದರೆ ಇಲ್ಲ.

"ಅದಕ್ಕೆ ನನ್ನ ಕರೆಸ್ಕಂಡ್ಯಾ?"

"ಹುಷಾರಾಗಿದ್ರೆ ಏನೂ ಆಗಲ್ಲ ಕಣ್ಲಾ. ಅವತ್ತು ನಂಗೆ ನಿದ್ದೆಗಣ್ಣು, ಅದಕ್ಕೇ."

"ಇಲ್ಲಿ ಎಲ್ಲಾರ್ದೂ ನಿದ್ದೆಗಣ್ಣೇ" ಎಂದು ಗುಬ್ಬಿಯವನು ತಟ್ಟೆ ತೊಳೆಯಲು ಎದ್ದು ಹೋದ.

ಅಣ್ಣನ ಮೇಲೆ ಎಷ್ಟು ಸಿಟ್ಟು ಬಂತೋ ಅಷ್ಟೇ ಸಂಕಟವೂ ಆಯಿತು. ಆ ಕೈ ಇಟ್ಟುಕೊಂಡು ಊರಿಗೆ ಬಂದರೆ ಅವನಿಂದ ಪೈರು ಕೊಯ್ಯಲಾಗುವುದಿಲ್ಲ, ಅವನಿಗೆ ಹೆಣ್ಣು ಕೊಡುವವರಿಲ್ಲ. ಗೇಟಿನ ಸ್ಟೂಲು ಬಿಟ್ಟರೆ ಅವನಿಗೆ ಬೇರೆ ಜಾಗವಿಲ್ಲ, ಆ ಸ್ಟೂಲು ಉಳಿಯಬೇಕಾದರೆ ನಾನು ಪ್ರೆಸ್ಸಿನ ಮುಂದೆ ಕೂರಬೇಕು. ಬೆಳಿಗ್ಗೆ ನಾನು ಅವನ ಹಿಂದೆ ಹೊರಟೆ. ಧೈರ್ಯದಿಂದಲ್ಲ, ಇಲ್ಲ ಅನ್ನಲು ಬಾಯಿ ಬರಲಿಲ್ಲ ಅಷ್ಟೆ.

ಶೆಡ್ಡಿನೊಳಗೆ ಹಗಲಲ್ಲೂ ಮಬ್ಬು. ಆ ಪ್ರೆಸ್ಸು ಕೊನೆಯ ಮೂಲೆಯಲ್ಲಿತ್ತು, ಆಳೆತ್ತರ. ಆಯುಧಪೂಜೆಯ ಚೆಂಡುಹೂವಿನ ಹಾರ ಒಣಗಿ ಅದರ ಕೊರಳಲ್ಲೇ ನೇತಾಡುತ್ತಿತ್ತು. ಹಣೆಗೆ ವಿಭೂತಿ, ಕುಂಕುಮ. ಕೆಳಗೆ ನೆಲದ ಮೇಲೆ ಬೂದುಗುಂಬಳಕಾಯಿ ಒಡೆದ ಕೆಂಪು ಕಲೆ. ಕೈ ಒಳಗೆ ಹೋಗದ ಹಾಗೆ ತಡೆಯುವ ಕಂಬಿಯ ಜಾಲರಿಯನ್ನು ಬಿಚ್ಚಿ ಗೋಡೆಗೆ ಒರಗಿಸಿದ್ದರು. ಅದರ ಮೇಲೆ ಜೇಡ ಬಲೆ ಕಟ್ಟಿತ್ತು.

"ಅದನ್ನ ಹಾಕಿದ್ರೆ ಕೈ ಓಡಲ್ಲ" ಎಂದ ಸೂಪರ್‌ವೈಸರು, ನನ್ನ ಕಣ್ಣು ಎಲ್ಲಿ ಹೋಯಿತೆಂದು ನೋಡಿ. ಒಳ್ಳೆಯ ಇಸ್ತ್ರಿ ಅಂಗಿ, ಬಾಯಲ್ಲಿ ಎಲೆಯಡಿಕೆ. "ಹೆದರ್ಕೋಬೇಡ ಮರಿ. ಕುಂಬಳಕಾಯಿ ಒಡ್ಸಿದೀವಿ. ಒಂದ್ ಸಲ ತಗೊಂಡೈತಲ್ಲ, ಇನ್ನು ಕೇಳಲ್ಲ ಅದು."

ನಾನು ಸ್ಟೂಲಿನ ಮೇಲೆ ಕೂತೆ. ಕಾಲ ಕೆಳಗೆ, ಒತ್ತಿದರೆ ಪ್ರೆಸ್ಸು ಬೀಳುವ ಪೆಡಲು ತಣ್ಣಗಿತ್ತು. ಸೂಪರ್‌ವೈಸರು ಗೇಟಿನಿಂದ ಅಣ್ಣನನ್ನು ಕೂಗಿದ. "ಬಾರೋ, ನೀನೇ ಕೈ ಹಿಡ್ದು ಹೇಳ್ಕೊಡು. ನಿನ್ ತಮ್ಮ ತಾನೆ?"

ಅಣ್ಣ ಬಂದು ನನ್ನ ಹಿಂದೆ ನಿಂತ. ಟವೆಲು ಬಿಚ್ಚಿ ಹೆಗಲಿಗೆ ಹಾಕಿಕೊಂಡ. ತಗಡಿನ ತುಂಡನ್ನು ಪ್ರೆಸ್ಸಿನ ಕೆಳಗಿನ ಅಚ್ಚಿನ ಮೇಲೆ ಹೇಗೆ ಕೂರಿಸಬೇಕೆಂದು ತೋರಿಸಲು ಅವನ ಬಲಗೈ ನನ್ನ ಬಲಗೈಯ ಮೇಲೆ ಬಂತು. ನಾನು ಮೊದಲ ಸಲ ನೇಗಿಲು ಹಿಡಿದ ದಿನವೂ ನನ್ನ ಕೈ ಮೇಲೆ ಇದೇ ಕೈ ಇತ್ತು. ಆಗ ಅದು ನನ್ನ ಇಡೀ ಮುಷ್ಟಿಯನ್ನು ಮುಚ್ಚಿತ್ತು. ಈಗ ಎರಡು ಬೆರಳು ನನ್ನ ಕೈಯನ್ನು ಹಿಡಿಯಲಾಗದೆ ಜಾರುತ್ತಿದ್ದವು. ನಮ್ಮಿಬ್ಬರ ಕೈಯೂ ಪ್ರೆಸ್ಸಿನ ಬಾಯೊಳಗಿತ್ತು.

"ಹಾಂ, ಒತ್ತು" ಎಂದ ಸೂಪರ್‌ವೈಸರು.

ನನ್ನ ಕಾಲು ಪೆಡಲಿನ ಮೇಲೆ ಹೋಗಿತ್ತು. ಅಣ್ಣನ ಉಸಿರು ನನ್ನ ಕಿವಿಯ ಹತ್ತಿರ ನಿಂತುಹೋಯಿತು. ಮರುಗಳಿಗೆಯೇ ಅವನ ಎಡಗೈ ನನ್ನ ಅಂಗಿಯ ಕಾಲರು ಹಿಡಿದು, ಸ್ಟೂಲು ಉರುಳುವ ಹಾಗೆ ನನ್ನನ್ನು ಹಿಂದಕ್ಕೆ ಎಳೆದು ಹಾಕಿತು. "ಎದ್ದೇಳ್ಲಾ ಮೇಲೆ! ಎದ್ದೇಳು ಅಂದೆ!"

ಸೂಪರ್‌ವೈಸರು ಬೈಯಲಿಲ್ಲ, ಕೂಗಾಡಲಿಲ್ಲ. ಅದೇ ನನಗೆ ಈಗಲೂ ಭಯ ಹುಟ್ಟಿಸುವುದು. ಹೊರಗೆ ಹೋಗಿ ಎಲೆಯಡಿಕೆ ಉಗಿದು ಬಂದು, "ಹೋಗ್ರಪ್ಪ, ಇಬ್ರೂ ಹೋಗಿ. ಗುಬ್ಬಿ ಬಸ್ಸಲ್ಲಿ ದಿನಾ ನಿಮ್ಮಂಥೋರು ಇಳೀತಾರೆ" ಎಂದ.

ಕೋಣೆಗೆ ಬಂದು ಅಣ್ಣನ ಟ್ರಂಕು ತೆಗೆದುಕೊಂಡೆವು. ಉಳಿದ ರಾಗಿ ಹಿಟ್ಟು, ತುಪ್ಪ ಗುಬ್ಬಿಯವನಿಗಿರಲೆಂದು ಅಲ್ಲೇ ಬಿಟ್ಟೆವು. ದಾರಿಯುದ್ದಕ್ಕೂ ಅವ್ವನಿಗೆ ಏನು ಹೇಳುವುದೆಂದು ಇಬ್ಬರೂ ಯೋಚಿಸುತ್ತಿದ್ದೆವು ಅನ್ನಿಸುತ್ತದೆ.

ಬಸ್‌ಸ್ಟ್ಯಾಂಡಿನಲ್ಲಿ ಕುಣಿಗಲ್ ಬಸ್ಸು ಹತ್ತಿ ಕೂತಿದ್ದೆವು, ಇನ್ನೂ ಹೊರಟಿರಲಿಲ್ಲ. ಪಕ್ಕದಲ್ಲಿ ಗುಬ್ಬಿಯ ಬಸ್ಸು ಬಂದು ನಿಂತಿತು. ನನ್ನದೇ ವಯಸ್ಸಿನವನೊಬ್ಬ, ತಲೆಗೆ ಎಣ್ಣೆ ಹಚ್ಚಿ ನೀಟಾಗಿ ಬಾಚಿದವನು, ಚೀಲ ಹೊತ್ತು ಇಳಿದು, ರಾಡಿಯಲ್ಲಿ ಕಾಲಿಟ್ಟು, ಸುತ್ತ ನೋಡಿ ಮುಖ ಸಪ್ಪಗೆ ಮಾಡಿಕೊಂಡ. ಆಮೇಲೆ ನಮ್ಮ ಕಿಟಕಿಯ ಕೆಳಗೆ ಬಂದು ಕೇಳಿದ. "ಅಣ್ಣಾ, ಸತ್ಯಮಂಗ್ಲದ್ ಫ್ಯಾಕ್ಟ್ರಿಗಳ ಕಡೆಗೆ ಹೆಂಗೋಗ್ಬೇಕು? ನಮ್ ಸೋದರಮಾವ ಅಲ್ಲೇ ಅವ್ನೆ."

ಯಾವ ಮಾವ ಎಂದು ನಾವು ಕೇಳಲಿಲ್ಲ. ಅಣ್ಣ ಟವೆಲು ಬಿಚ್ಚಿ, ಬಲಗೈಯನ್ನು ಕಿಟಕಿಯಿಂದ ಪೂರ್ತಿ ಹೊರಗೆ ಚಾಚಿ, ಅವನ ಮುಖದ ಮುಂದೆ ಹಿಡಿದ.

"ನೋಡಪ್ಪ. ಇದು ಅಲ್ಲೇ ಆಗಿದ್ದು. ಅದೇ ಮಿಷನ್ನಿಗೆ ಜನ ಹುಡುಕ್ತಾವ್ರೆ. ವಾಪಸ್ ಅದೇ ಬಸ್ ಹತ್ತು."

ಅವನು ಆ ಕೈಯನ್ನು ಚೆನ್ನಾಗಿಯೇ ನೋಡಿದ. ಅವನ ಮುಖ ಬಿಳುಚಿಕೊಂಡಿದ್ದನ್ನು ನಾನು ಕಂಡೆ. ಒಂದು ಸಲ ಗುಬ್ಬಿಯ ಬಸ್ಸಿನ ಕಡೆಗೂ ತಿರುಗಿದ. ಆಮೇಲೆ ಚೀಲವನ್ನು ಹೆಗಲ ಮೇಲೆ ಸರಿ ಮಾಡಿಕೊಂಡು, ನಾಚಿಕೊಂಡವನ ಹಾಗೆ ನಕ್ಕ.

"ಮಾವ ಹೇಳ್ಕಳ್ಸವ್ನೆ ಅಣ್ಣ. ಹೋಗ್ದಿದ್ರೆ ಚೆಂದಾಗಿರಲ್ಲ" ಎಂದು, ಮುಂದೆ ನಿಂತಿದ್ದ ಜಟಕಾದವನನ್ನು ದಾರಿ ಕೇಳಲು ಹೋದ.