ಎಂಬತ್ತೆಂಟರಲ್ಲಿ ಒಂದು

ನಿನ್ನೆ ಸಂಜೆ ಪಕ್ಕದ ಮನೆಯ ಭೂಮಿಕಾ ಒಂದು ಹಳೆಯ ಪ್ರಶ್ನೆಪತ್ರಿಕೆ ಹಿಡಿದುಕೊಂಡು ಬಂದಳು. ನಾಲ್ಕು ಮಡಿಕೆ ಮಾಡಿದ, ಮಡಿಕೆ ಬಿದ್ದಲ್ಲೆಲ್ಲ ಹರಿಯಲು ಶುರುವಾಗಿದ್ದ, ಹತ್ತನೇ ತರಗತಿಯ ಸಮಾಜ ವಿಜ್ಞಾನದ ಪತ್ರಿಕೆ. ನಮ್ಮ ಗಂಗಾವತಿಯ ಓಣಿಯಲ್ಲಿ ಈ ತಿಂಗಳು ಹೇಗಿರುತ್ತದೆಂದು ನಿಮಗೂ ಗೊತ್ತಿರಬಹುದು. ಪರೀಕ್ಷೆಗೆ ಕೂತ ಮಕ್ಕಳಿರುವ ಮನೆಯಲ್ಲಿ ಟಿ.ವಿ. ಬಂದ್, ಇಲ್ಲದ ಮನೆಯವರೂ ದನಿ ತಗ್ಗಿಸಿ ಮಾತಾಡುತ್ತಾರೆ. ಆದರೆ ಭೂಮಿಕಾ ಇನ್ನೂ ಒಂಬತ್ತನೇ ತರಗತಿಯವಳು. ನಿನಗೇಕೆ ಇದು ಎಂದು ಕೇಳಿದೆ.

"ನಾಳೆ ಒಬ್ಬ ಅಕ್ಕಾರಿಗೆ ಪೇಪರ್ ಬರದು ಕೊಡಾಕ ಹೊಂಟೀನ್ರಿ ಆಂಟಿ. ಅವರಿಗೆ ಕಣ್ಣು ಕಾಣಂಗಿಲ್ರಿ. ಅವರು ಹೇಳ್ತಾರ, ನಾ ಬರೀಬೇಕು" ಎಂದಳು. ಆಮೇಲೆ ಬಾಗಿಲ ಕಡೆ ಒಮ್ಮೆ ನೋಡಿ, "ಅವರು ತಪ್ಪು ಹೇಳಿದ್ರ ನಾ ಏನ್ ಮಾಡ್ಲಿರಿ?" ಎಂದಳು.

ನಾನು ಪತ್ರಿಕೆ ಇಸಿದುಕೊಂಡು ಕೊನೆಯ ಪುಟ ತಿರುವಿದೆ. ಭಾರತದ ನಕ್ಷೆ ಬರೆದು ಇಂತಿಂಥ ಸ್ಥಳ ಗುರುತಿಸಿ ಎಂಬ ಪ್ರಶ್ನೆ. ಅದರ ಕೆಳಗೆ ಇನ್ನೊಂದು ಸಾಲು: ದೃಷ್ಟಿಹೀನ ವಿದ್ಯಾರ್ಥಿಗಳಿಗೆ ಮಾತ್ರ, ನಕ್ಷೆಯ ಬದಲಿಗೆ. ಕಣ್ಣಿದ್ದವರು ಆ ಸಾಲನ್ನು ಓದುವ ಗೋಜಿಗೆ ಹೋಗುವುದಿಲ್ಲ. ಯಾರಿಗೆಂದು ಅಚ್ಚು ಹಾಕಿದ್ದಾರೋ ಅವರಿಗೆ ಅದು ಕಾಣುವುದಿಲ್ಲ. ಹಾಗಾಗಿ ಇನ್ನೊಬ್ಬರು ಓದಿ ಹೇಳಬೇಕು. ಒಂದು ಕಾಲಕ್ಕೆ ಹಾಗೆ ಓದಿ ಹೇಳಿದವಳು ನಾನು.

"ಕೂಡು, ಚಹಾ ಮಾಡ್ತೀನಿ" ಎಂದು ಅವಳನ್ನು ಕೂರಿಸಿ ಅಡುಗೆಮನೆಗೆ ಹೋದೆ. ಉತ್ತರ ಗೊತ್ತಿಲ್ಲದಾಗ ಚಹಾಕ್ಕೆ ನೀರಿಡುವುದು ನನ್ನ ಹಳೆಯ ಚಾಳಿ. ನೀರು ಕುದಿಯುವಷ್ಟರಲ್ಲಿ ನಿಮಗಾದರೂ ನಡೆದದ್ದನ್ನು ಹೇಳಿಬಿಡುತ್ತೇನೆ.

ನಾನು ಬೆಳೆದದ್ದು ಮುನಿರಾಬಾದಿನಲ್ಲಿ. ಅಪ್ಪ ನೀರಾವರಿ ಕಚೇರಿಯಲ್ಲಿ ಗುಮಾಸ್ತರು. ನಮ್ಮ ಕ್ವಾರ್ಟರ್ಸಿನ ಹಿತ್ತಲಲ್ಲಿ ನಿಂತರೆ ತುಂಗಭದ್ರಾ ಅಣೆಕಟ್ಟು ಕಾಣುತ್ತಿತ್ತು. ದೂರದೂರದಿಂದ ಬಸ್ಸು ಮಾಡಿಕೊಂಡು ಬಂದವರು ಅದನ್ನು ನೋಡಿ ಬಾಯಿ ತೆರೆಯುತ್ತಿದ್ದರು. ನಮಗೋ ಅದು ಬಟ್ಟೆ ಒಣಹಾಕುವಾಗ ಹಿಂದೆ ಕಾಣುವ ಒಂದು ಉದ್ದನೆಯ ಗೋಡೆ, ಅಷ್ಟೆ. ಅದರ ಒಂದು ತುದಿ ನಮ್ಮ ಕಡೆ, ಇನ್ನೊಂದು ತುದಿ ಹೊಸಪೇಟೆಯ ಕಡೆ. ಡ್ಯಾಮ್ ಯಾರದು ಎಂದು ಎರಡೂ ಕಡೆಯ ಹುಡುಗರು ಕ್ರಿಕೆಟ್ ಆಡುವಾಗ ಜಗಳ ತೆಗೆಯುತ್ತಿದ್ದರು.

ಕಾಲೊನಿಯ ಗೇಟಿನ ಬಳಿ ಒಂದು ಟೇಲರ್ ಅಂಗಡಿ ಇತ್ತು. ಕಾಲೊನಿಯ ಮಕ್ಕಳ ಶಾಲೆಯ ಅಂಗಿಯಿಂದ ಹಿಡಿದು ಗೇಟ್ ಕಾಯುವವರ ಖಾಕಿಯವರೆಗೆ ಎಲ್ಲವೂ ಅಲ್ಲಿಯೇ. ಅಂಗಡಿಯವರನ್ನು ನಾವೆಲ್ಲ ಚಾಚಾ ಎನ್ನುತ್ತಿದ್ದೆವು. ಅವರ ಮಗಳು ಶಮೀಮಾ ನನಗಿಂತ ಒಂದು ತರಗತಿ ಮುಂದಿದ್ದಳು, ಅಕ್ಕ ಎಂಬರ್ಥದಲ್ಲಿ ನಾನು ಆಪಾ ಎನ್ನುತ್ತಿದ್ದೆ. ಹುಟ್ಟಿದಾಗಿನಿಂದ ಅವಳಿಗೆ ಕಣ್ಣು ಕಾಣುತ್ತಿರಲಿಲ್ಲ. ಅವಳ ತಮ್ಮ ಗಟ್ಟಿಯಾಗಿ ಪಾಠ ಓದುತ್ತಿದ್ದರೆ ಅವಳು ಅಂಗಿಗಳಿಗೆ ಗುಂಡಿ ಹಚ್ಚುತ್ತಾ ಕೇಳುತ್ತಿದ್ದಳು. ಒಂದು ಅಂಗಿಯ ಗುಂಡಿ ಮುಗಿಯುವಷ್ಟರಲ್ಲಿ ಒಂದು ಪಾಠ ಮುಗಿದಿರುತ್ತಿತ್ತು, ಎರಡನೆಯ ಸಲ ಓದಬೇಕಾಗುತ್ತಿರಲಿಲ್ಲ.

ಅವಳು ಹತ್ತರಲ್ಲಿದ್ದಾಗ ಅರ್ಧವಾರ್ಷಿಕ ಪರೀಕ್ಷೆಯಲ್ಲಿ ಒಬ್ಬ ಜಾಣ ಹುಡುಗಿ ಅವಳಿಗೆ ಬರೆದುಕೊಟ್ಟಳು. ಅಂಕ ಚೆನ್ನಾಗಿ ಬಂತು. ಆದರೆ ಶಾಲೆಯ ವರಾಂಡದಲ್ಲಿ ಯಾರೋ ಇಬ್ಬರು, "ಬರದಾಕಿ ಭಾಳ ಶ್ಯಾಣ್ಯಾಕಿ ಬಿಡ್ರಿ, ಅದಕ್ಕ ಅಷ್ಟು ಬಂದಾವ" ಎಂದು ಮಾತಾಡಿಕೊಂಡದ್ದು ಆಪಾಳ ಕಿವಿಗೆ ಬಿತ್ತು. ವಿಚಾರಿಸಿದರೆ, ಆ ಹುಡುಗಿ ಆಪಾ ಹೇಳದ ಎರಡು ಮೂರು ಪಾಯಿಂಟುಗಳನ್ನು ತಾನೇ ಸೇರಿಸಿದ್ದು ನಿಜವೇ ಆಗಿತ್ತು. ಆಪಾ ಆ ದಿನ ಊಟ ಮಾಡಲಿಲ್ಲವಂತೆ. ಮರುದಿನ ತಮ್ಮನ ಕೈ ಹಿಡಿದುಕೊಂಡು ಸೀದಾ ನಮ್ಮ ಮನೆಗೆ ಬಂದಳು.

"ನಿನಗ ಸಮಾಜ ಬರಾಂಗಿಲ್ಲಂತ, ಹೌದೇನು?" ಎಂದು ಕೇಳಿದಳು.

ಹೌದು ಎನ್ನದೆ ವಿಧಿಯಿರಲಿಲ್ಲ. ನಮ್ಮ ಮನೆಯ ಗೋಡೆಗೂ ಗೊತ್ತಿದ್ದ ವಿಷಯ ಅದು.

"ಛಲೋ ಆತು. ಪಬ್ಲಿಕ್ ಪರೀಕ್ಷಾಕ್ಕ ಬರಿಯಾಕ ನೀನ ಬಾ ಹಂಗಾದ್ರ."

ದಡ್ಡತನಕ್ಕಾಗಿ ಆಯ್ಕೆಯಾದವರು ನಿಮ್ಮ ಪರಿಚಯದಲ್ಲಿ ಯಾರಾದರೂ ಇದ್ದಾರೆಯೇ? ಅಮ್ಮ ನಕ್ಕಳು, ಅಣ್ಣ ಊರಿಗೆಲ್ಲ ಹೇಳಿಕೊಂಡು ಬಂದ. ನಾನು ನಕ್ಕಂತೆ ಮಾಡಿದೆನಾದರೂ ಒಳಗೆ ಉರಿಯುತ್ತಿತ್ತು. ಆ ಸಿಟ್ಟಿಗೆ ಅಣ್ಣನ ಹಳೆಯ ಗೈಡನ್ನು ಹಾಸಿಗೆಯ ಕೆಳಗಿಟ್ಟುಕೊಂಡು ದಿನಾ ಓದತೊಡಗಿದೆ. ಯಾರಿಗೂ ಹೇಳಲಿಲ್ಲ. ನಮ್ಮ ವಂಶದಲ್ಲಿ ಹಟಕ್ಕೆ ಓದಿದವಳು ನಾನೊಬ್ಬಳೇ ಇರಬೇಕು.

ಶಾಲೆ ಬಿಟ್ಟ ಮೇಲೆ ಅಂಗಡಿಯಲ್ಲಿ ನಮ್ಮ ತಾಲೀಮು. ಮೊದಲ ದಿನವೇ ಆಪಾ ಕಾನೂನು ಹೇಳಿಬಿಟ್ಟಳು.

"ಕೈ ನಿಂದು, ತಲಿ ನಂದು. ನಾ ತಪ್ಪು ಹೇಳಿದ್ರ ತಪ್ಪ ಬರಿ. ಆ ತಪ್ಪೂ ನಂದ ಆಗಬೇಕು. ಒಂದೊಂದು ಉತ್ತರ ಮುಗದ ಮ್ಯಾಲ ನನಗ ಓದಿ ಹೇಳು."

"ನೀ ಐತಿ ಅಂತಿ, ಹಂಗ ಬರೀಲೇನು?" ಎಂದು ಕೇಳಿದೆ.

ಸ್ವಲ್ಪ ಯೋಚಿಸಿದಳು. "ಐತಿ ಅಂದ್ರ ಇದೆ ಅಂತ ಬರಿ. ಮಾಡ್ಯಾರ ಅಂದ್ರ ಮಾಡಿದ್ದಾರೆ ಅಂತ ಬರಿ. ಅಷ್ಟು ಬಿಟ್ಟು ಕೊಡ್ತೀನಿ ನಿನಗ. ಅದಕ್ಕ ಮುಂದ ಹೋಗಬ್ಯಾಡ."

ಈಗ ಅನ್ನಿಸುತ್ತದೆ, ನಾನು ಕೆಟ್ಟದ್ದು ಅಲ್ಲಿಯೇ. ಐತಿಯನ್ನು ಇದೆ ಮಾಡುತ್ತಾ ಮಾಡುತ್ತಾ, ಅವಳ ಮಾತನ್ನು ತಿದ್ದುವ ಅಧಿಕಾರ ನನಗಿದೆ ಎಂಬ ಧಿಮಾಕು ಮೆಲ್ಲಗೆ ಬಂದು ಕೂತಿತು. ಆದರೆ ಆಗ ತಿಳಿಯಲಿಲ್ಲ.

ಆ ಅಂಗಡಿಯಲ್ಲಿ ನೋಡಬೇಕಾದದ್ದು ಒಂದು ಬಟ್ಟೆ. ಮಗಳಿಗಾಗಿ ಚಾಚಾ ಉಳಿದ ಖಾಕಿ ತುಂಡಿನ ಮೇಲೆ ದಪ್ಪ ದಾರದಲ್ಲಿ ಭಾರತದ ನಕ್ಷೆ ಹೊಲಿದಿದ್ದರು. ನದಿಗಳಿಗೆ ಹೆಣೆದ ದಾರ, ಬಂದರುಗಳಿಗೆ ಮಣಿ, ಉಕ್ಕಿನ ಕಾರ್ಖಾನೆಗಳಿಗೆ ಹುಕ್ಕು, ಅಣೆಕಟ್ಟುಗಳಿಗೆ ಗುಂಡಿ. ಭಾಕ್ರಾ, ಹಿರಾಕುಡ್ ಎಲ್ಲದಕ್ಕೂ ಅಂಗಿಯ ಸಣ್ಣ ಗುಂಡಿ. ತುಂಗಭದ್ರಾಕ್ಕೆ ಮಾತ್ರ ಕೋಟಿನ ದೊಡ್ಡ ಕರಿ ಗುಂಡಿ! ಇದೊಂದು ಯಾಕೆ ಇಷ್ಟು ದೊಡ್ಡದು ಎಂದು ಕೇಳಿದ್ದಕ್ಕೆ ಚಾಚಾ ಕತ್ತರಿ ಆಡಿಸುತ್ತಲೇ, "ನಮ್ಮ ಮುನಿರಾಬಾದಿಂದವಾ ಅದು, ದೊಡ್ಡದ ಇರ್ಲಿ" ಎಂದರು. ಆಪಾ ಕಾಶ್ಮೀರದಿಂದ ಬೆರಳು ಎಳೆಯುತ್ತಾ ಬಂದು ಆ ಗುಂಡಿ ಸಿಕ್ಕ ಕೂಡಲೇ ಮನೆ ಮುಟ್ಟಿದೆ ಎನ್ನುವಂತೆ ಅಲ್ಲಿ ಒಂದು ಕ್ಷಣ ನಿಲ್ಲುತ್ತಿದ್ದಳು. ಎಡಗೈ ಬೆರಳಿನ ಆಸರೆಯಲ್ಲಿ ಬಲಗೈಯಿಂದ ಕಾಗದದ ಮೇಲೆ ನಕ್ಷೆ ಬರೆಯಲೂ ಕಲಿತಿದ್ದಳು. ಸೊಟ್ಟಗಿರುತ್ತಿತ್ತು, ಆದರೆ ಭಾರತವೆಂದು ಗುರುತು ಸಿಗುತ್ತಿತ್ತು. ನಾನು ಬರೆದ ಭಾರತ ಒಣಗಿದ ಮಾವಿನಕಾಯಿಯಂತಿರುತ್ತಿತ್ತು.

ಪರೀಕ್ಷೆಯ ದಿನ ನಮಗೆ ಪ್ರತ್ಯೇಕ ಕೋಣೆ ಕೊಟ್ಟರು. ನಾವಿಬ್ಬರು, ಮೇಲ್ವಿಚಾರಣೆಗೆ ಒಬ್ಬ ವಯಸ್ಸಾದ ಮೇಷ್ಟ್ರು. ಇತಿಹಾಸ ಮುಗಿಯಿತು, ರಾಜ್ಯಶಾಸ್ತ್ರ ಮುಗಿಯಿತು, ಅರ್ಥಶಾಸ್ತ್ರವೂ ಮುಗಿಯಿತು. ಅವಳು ಹೇಳಿದಳು, ನಾನು ಬರೆದೆ, ಓದಿ ಹೇಳಿದೆ. ಎರಡು ಕಡೆ ಅವಳು ಬಿಟ್ಟ ಪಾಯಿಂಟು ನನಗೆ ಗೊತ್ತಿತ್ತು, ಆದರೂ ಸೇರಿಸಲಿಲ್ಲ. ಕಡೆಗೆ ನಕ್ಷೆಯ ಪ್ರಶ್ನೆ ಬಂತು. ಅದರ ಕೆಳಗಿನ ಸಾಲನ್ನೂ ಓದಿದೆ.

"ನಕ್ಷಾನ ತಗೀತೀನ್ರಿ ಸರ್, ನನಗ ಬರ್ತೈತಿ" ಎಂದಳು ಆಪಾ.

ಮೇಷ್ಟ್ರು ಒಳ್ಳೆಯವರು. ಹೊರಗೆ ಹೋಗಿ ಯಾರನ್ನೋ ಕೇಳಿಕೊಂಡು ಬಂದರು. "ಇಲ್ಲವಾ ತಂಗಿ, ನಿಮಗ ಬ್ಯಾರೆ ಪ್ರಶ್ನಿ ಕೊಟ್ಟಾರಲ್ಲ, ಅದನ್ನ ಬರೀಬೇಕಂತ" ಎಂದರು. ಆಪಾಳ ಬೆರಳುಗಳು ಬೆಂಚಿನ ಮೇಲೆ ಒಮ್ಮೆ ಓಡಾಡಿ ನಿಂತವು. ಬದಲಿ ಪ್ರಶ್ನೆ ಯಾವುದಿತ್ತು ಗೊತ್ತೆ? ತುಂಗಭದ್ರಾ ಯೋಜನೆಯ ಬಗ್ಗೆ ಟಿಪ್ಪಣಿ.

ಅವಳ ಮುಖ ಅರಳಿತು. "ಬರಿ. ಈ ಅಣೆಕಟ್ಟು ಮುನಿರಾಬಾದ್‌ನಾಗ ಐತಿ."

ನನ್ನ ಪೆನ್ನು ನಿಂತಿತು. ಅಣ್ಣನ ಗೈಡಿನಲ್ಲಿ ಹೊಸಪೇಟೆಯ ಬಳಿ ಎಂದಿತ್ತು. ಆ ಪುಟದ ಎಡಗಡೆ ಎಣ್ಣೆಯ ಕಲೆ ಇದ್ದದ್ದೂ ನನಗೆ ನೆನಪಿತ್ತು. ಪಾಪ, ಊರಿನ ಅಭಿಮಾನಕ್ಕೆ ಅಂಕ ಕಳೆದುಕೊಳ್ಳುತ್ತಾಳಲ್ಲ ಎನಿಸಿತು. ಕಿಟಕಿಯಲ್ಲಿ ಬಗ್ಗಿ ನೋಡಿದ್ದರೆ ಅಣೆಕಟ್ಟೇ ಕಾಣುತ್ತಿತ್ತು. ನಾನು ಗೈಡನ್ನು ನಂಬಿದೆ. ಹೊಸಪೇಟೆ ಎಂದು ಬರೆದು, ನಮ್ಮ ಹಿತ್ತಲಿನ ಅಣೆಕಟ್ಟನ್ನು ಹೊಳೆ ದಾಟಿಸಿ ಆಚೆ ದಂಡೆಗೆ ಕೊಟ್ಟುಬಿಟ್ಟೆ.

ಟಿಪ್ಪಣಿ ಮುಗಿದ ಮೇಲೆ ಅವಳು "ಓದು" ಎಂದಳು.

ಓದಿದೆ. "ಈ ಅಣೆಕಟ್ಟು ಮುನಿರಾಬಾದ್‌ನಲ್ಲಿ ಇದೆ."

"ಶಾಬಾಸ್" ಎಂದಳು ಆಪಾ.

ಬರೆದದ್ದಕ್ಕಾದರೆ ಅಂಕದ ನೆಪ ಹೇಳಬಹುದು. ಓದಿದ್ದಕ್ಕೆ ಯಾವ ನೆಪವೂ ಇಲ್ಲ. ಕಾಗದದ ಮೇಲಿಲ್ಲದ್ದನ್ನು ಅವಳ ಮುಖ ನೋಡುತ್ತಾ ಓದಿದೆ, ಅವಳಿಗೆ ಗೊತ್ತಾಗುವುದಿಲ್ಲ ಎಂಬ ಧೈರ್ಯದಿಂದಲೇ ಓದಿದೆ. ಇದನ್ನು ಬರೆಯುವಾಗಲೂ ನನಗೆ ನಾಚಿಕೆಯಾಗುತ್ತಿದೆ.

ಫಲಿತಾಂಶ ಬಂದಾಗ ಸಮಾಜದಲ್ಲಿ ಎಂಬತ್ತೆಂಟು. ಆಪಾ ಜಿಲೇಬಿ ಹಿಡಿದುಕೊಂಡು ಮನೆಗೆ ಬಂದು, "ಎಂಬತ್ತೆಂಟು! ಅಷ್ಟೂ ನನ್ನವು" ಎಂದು ಅಮ್ಮನ ಮುಂದೆ ಹೇಳಿದಳು. ನಾನು ಜಿಲೇಬಿ ತಿಂದೆ. ಚಾಚಾ ನನಗೊಂದು ಚೂಡಿದಾರ್ ಹೊಲಿದುಕೊಟ್ಟರು. ಹಾಕಿಕೊಂಡಾಗಲೆಲ್ಲ ಎಲ್ಲೋ ಬಿಗಿಯುತ್ತದೆ ಎನ್ನಿಸುತ್ತಿತ್ತು, ಅಳತೆ ಸರಿಯಾಗಿಯೇ ಇತ್ತು. ಮರುವರ್ಷ ನನಗೆ ಅದೇ ವಿಷಯದಲ್ಲಿ ಐವತ್ತೆರಡು ಬಂತು, ಅವು ಮಾತ್ರ ಖಂಡಿತ ಅಷ್ಟೂ ನನ್ನವೇ.

ಆಪಾ ಈಗ ಕುಷ್ಟಗಿ ಕಡೆಯ ಒಂದು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನದ ಟೀಚರ್. ಯುಗಾದಿಗೆ ನಾನು, ರಂಜಾನ್‌ಗೆ ಅವಳು ಎಂದು ಫೋನ್ ಮಾಡಿಕೊಳ್ಳುತ್ತೇವೆ. ಪ್ರತಿ ವರ್ಷ ಹತ್ತರ ಮಕ್ಕಳಿಗೆ ತನ್ನ ಎಂಬತ್ತೆಂಟರ ಕತೆ ಹೇಳುತ್ತಾಳೆ. ಬರೆದವಳಿಗೆ ವಿಷಯವೇ ಬರುತ್ತಿರಲಿಲ್ಲ, ಕೈ ಮಾತ್ರ ಅವಳದು, ತಲೆ ತನ್ನದು ಎಂದು. ಆ ಕತೆ ಕೇಳಿದ ಒಂದಿಬ್ಬರು ಮಕ್ಕಳು ನನಗೂ ಸಿಕ್ಕಿದ್ದಾರೆ. ನಾನು ತಲೆಯಾಡಿಸಿದ್ದೇನೆ.

ಚಹಾ ಉಕ್ಕಿತು. ಒಲೆ ಆರಿಸಿ, ಭೂಮಿಕಾಳ ಲೋಟ ಅವಳ ಮುಂದಿಟ್ಟು, ಅವಳೆದುರೇ ಕೂತು ಆಪಾಳಿಗೆ ಫೋನ್ ಮಾಡಿದೆ. ಮೊದಲು ಭೂಮಿಕಾಳ ಪ್ರಶ್ನೆ ಹೇಳಿದೆ. ಆಮೇಲೆ ನಿಲ್ಲಿಸದೆ, "ಆಪಾ, ನಿನ್ನ ಪೇಪರಿನಾಗ ನಾ ಒಂದು ಮಾತು ಬದಲು ಮಾಡೀನಿ. ನೀ ಮುನಿರಾಬಾದ್ ಅಂದಿ, ನಾ ಹೊಸಪೇಟೆ ಅಂತ ಬರದೆ" ಎಂದೆ.

ಆ ಕಡೆ ಯಾರೋ ಪಾತ್ರೆ ತೊಳೆಯುವ ಸದ್ದು ಕೇಳುತ್ತಿತ್ತು.

"ಓದು ಅಂದಿದ್ದೆ ನಾನು" ಎಂದಳು. "ಮುನಿರಾಬಾದ್ ಅಂತ ಓದಿದಿ ನೀನು."

"ಹೌದು."

"ಮುನಿರಾಬಾದ್ ಅಂತ ಬರದಿದ್ರ ಅಂಕ ಕೊಡ್ತಿದ್ರೋ, ತಪ್ಪು ಹಾಕ್ತಿದ್ರೋ?"

"ಗೊತ್ತಿಲ್ಲ ಆಪಾ."

"ಇನ್ನ ಗೊತ್ತಾಗೂದೂ ಇಲ್ಲ. ಅದಕ್ಕ ಸಿಟ್ಟು ಬರ್ತೈತಿ ನನಗ."

ತಪ್ಪಾಯಿತು ಎಂದೆ. ಸಣ್ಣಾಕಿ ಇದ್ದಿ ಬಿಡು ಎನ್ನುತ್ತಾಳೆಂದು ಕಾದೆ. ಅವಳು ಹಾಗೆನ್ನಲಿಲ್ಲ.

"ಒಂದು ಅಂಕ ತಗದುಬಿಡು" ಎಂದಳು. ಮಕ್ಕಳ ಪೇಪರ್ ನೋಡುವಾಗಿನ ದನಿಯೇ ಇರಬೇಕು ಅದು. "ಎಂಬತ್ತೇಳು. ಮುಂದಿನ ವರ್ಷದಿಂದ ಮಕ್ಕಳಿಗೆ ಎಂಬತ್ತೇಳ ಹೇಳ್ತೀನಿ. ಈಗ ಅಷ್ಟೂ ನನ್ನವು. ಆ ಹುಡುಗಿಗೆ ಫೋನ್ ಕೊಡು."

ಭೂಮಿಕಾ ಎದ್ದು ನಿಂತು ಫೋನ್ ಕಿವಿಗಿಟ್ಟುಕೊಂಡಳು. "ಹೂಂರಿ ಟೀಚರ್... ಹೂಂರಿ... ಆತ್ರಿ" ಎಂದು ವಾಪಸು ಕೊಡುವಷ್ಟರಲ್ಲಿ ಆ ಕಡೆ ಫೋನ್ ಇಟ್ಟಾಗಿತ್ತು.

"ಏನಂದ್ರು?" ಎಂದು ಕೇಳಿದೆ.

"ಅವರು ಹೇಳಿದ್ದನ್ನ ಬರೀಬೇಕಂತ್ರಿ. ಓದಿ ಹೇಳೂ ಮುಂದ ಹಾಳ್ಯಾಗ ಇದ್ದಿದ್ದನ್ನ ಓದಬೇಕಂತ್ರಿ."

"ಅಷ್ಟನ?"

ಅವಳು ಪತ್ರಿಕೆಯನ್ನು ಮೊದಲಿನ ಮಡಿಕೆಗಳಲ್ಲೇ ಮಡಚಿಕೊಂಡಳು. "ಯಾಕಂತ ಆಂಟಿ ಕಡೆ ಕೇಳು, ಅವರಿಗೆ ಗೊತ್ತೈತಿ ಅಂದ್ರು."