ಯುಗಾದಿಯ ನಂತರ ನಾನು ಮಗುವನ್ನು ಎತ್ತಿಕೊಳ್ಳಲಿಲ್ಲ

ಕೆಮ್ಮಿದಾಗ ಕರವಸ್ತ್ರದಲ್ಲಿ ರಕ್ತ ಕಂಡದ್ದು ೧೯೭೪ರ ಸಂಕ್ರಾಂತಿಯ ಮಾರನೆಯ ದಿನ. ಆಗ ನಾನು ಕಾನೂನು ಓದುತ್ತಿದ್ದೆ. ದಾವಣಗೆರೆಯಿಂದ ಬಂದು ಕುರುಬರಹಳ್ಳಿಯಲ್ಲಿ ನೆಲೆಸಿದ ಮನೆ ನಮ್ಮದು. ಅವ್ವ, ಅಕ್ಕ, ಭಾವ, ಅಕ್ಕನ ಎರಡು ವರ್ಷದ ಮಗಳು ಗೌರಿ, ಮತ್ತೆ ನಾನು. ಗೌರಿ ಮಧ್ಯಾಹ್ನ ಮಲಗುತ್ತಿದ್ದದ್ದು ನನ್ನ ಎದೆಯ ಮೇಲೆ. ಆ ಎದೆಯಲ್ಲೇ ಕ್ಷಯ ಇತ್ತು.

ಶರಣಬಂಧುಗಳೇ, ನಾನು ಸುಲಭಕ್ಕೆ ನಂಬುವವನಲ್ಲ. ದೇವರ ವಿರುದ್ಧ ವಾದಿಸಿ ಬಹುಮಾನ ತಂದವನು. ನೀವೂ ನನ್ನ ಜೊತೆ ಜಗಳವಾಡುತ್ತಲೇ ಓದಿ, ಬೇಸರವಿಲ್ಲ.

ರಾಜಾಜಿನಗರದಲ್ಲಿ ಬಸ್ಸು ಹತ್ತಿ ದಿನಾ ಆಸ್ಪತ್ರೆಗೆ ಹೋಗಿ ಎರಡು ತಿಂಗಳು ಇಂಜೆಕ್ಷನ್ ಚುಚ್ಚಿಸಿಕೊಂಡೆ. ಜೊತೆಗೆ ಒಂದು ಬಿಳಿ ಮಾತ್ರೆ, ಒಂದು ಪುಡಿ. ಇಂಜೆಕ್ಷನ್ ಮುಗಿದ ಮೇಲೂ ಮಾತ್ರೆ, ಪುಡಿ ಎರಡನ್ನೂ ಒಂದೂವರೆ ವರ್ಷ ಬಿಡಬಾರದು ಎಂದಿದ್ದರು. ಆ ಪುಡಿ ಕುಡಿದರೆ ಹೊಟ್ಟೆ ತೊಳಸಿ ಬರುತ್ತಿತ್ತು. ಯುಗಾದಿ ಹೊತ್ತಿಗೆ ಕೆಮ್ಮು ನಿಂತು ಮೈ ತುಂಬಿಕೊಂಡಿತು. ಚರ್ಚೆಯಲ್ಲಿ ನನ್ನದೊಂದು ಪದ್ಧತಿ ಇತ್ತು: ಹತ್ತು ಸಡಿಲ ವಾದ ಬೇಡ, ಬಿಗಿಯಾದದ್ದು ಒಂದು ಸಾಕು. ಔಷಧಿಗೂ ಅದನ್ನೇ ಹಚ್ಚಿದೆ. ಮಾತ್ರೆ ನುಂಗಿ, ಪುಡಿಯನ್ನು ದಿನಾ ಯಾರಿಗೂ ಕಾಣದಂತೆ ಬಚ್ಚಲಿಗೆ ಸುರಿಯತೊಡಗಿದೆ.

ಅದೇ ವಾರ ಕಾಲೇಜಿನ ಚರ್ಚಾಕೂಟ. ದೇವರು ಅನಗತ್ಯ ಎಂದು ಗೆದ್ದು ಕೆಳಗಿಳಿದರೆ ಗೆಳೆಯನೊಬ್ಬ, “ಕೊರಳಲ್ಲಿ ಲಿಂಗ ಕಟ್ಕೊಂಡು ದೇವರು ಬೇಡ ಅಂತೀಯಲ್ಲ ಗುರು” ಎಂದು ಎಲ್ಲರೆದುರು ಕಿಚಾಯಿಸಿದ. ಮನೆಗೆ ಬಂದವನೇ ಲಿಂಗ ತೆಗೆದು ಅವ್ವನ ಮುಂದಿಟ್ಟೆ.

ಅವ್ವ ಅಳಲಿಲ್ಲ. ನನ್ನ ತಟ್ಟೆ, ಲೋಟ, ಹಾಸಿಗೆ ತಂದು ಬೀದಿ ಕಡೆಯ ಕೋಣೆಯಲ್ಲಿಟ್ಟಳು. “ಲಿಂಗ ಇಲ್ಲದವ ಭವಿ ಕಣಪ್ಪ. ನೀನು ಒಳಗೆ ಬರಬ್ಯಾಡ, ಲಿಂಗ ಕಟ್ಟಿದ ಕೂಸಿನ್ನ ಮುಟ್ಟಬ್ಯಾಡ” ಎಂದಳು. ನಾನು ಮೂಢನಂಬಿಕೆ, ಶೋಷಣೆ ಎಂದೆಲ್ಲ ಭಾಷಣ ಬಿಗಿದೆ. ಅವ್ವ ಅಕ್ಕಿ ಆರಿಸುತ್ತಾ ಕೂತಿದ್ದಳು. ಹೊಸಿಲಿನಾಚೆ ಗೌರಿ ಕೈ ಚಾಚಿದಾಗಲೆಲ್ಲ ಅವ್ವನೇ ಓಡಿ ಬಂದು ಎತ್ತಿಕೊಂಡು ಹೋಗುತ್ತಿದ್ದಳು. ಹಟಕ್ಕೆ ನಾನೂ ಒಳಗೆ ಕಾಲಿಡಲಿಲ್ಲ.

ಶ್ರಾವಣದಲ್ಲಿ ಕೆಮ್ಮು ಮರಳಿತು. ಆಸ್ಪತ್ರೆಯಲ್ಲಿ ಕಫ ತೆಗೆದುಕೊಂಡು, ಯಾವ ಔಷಧಿ ತಾಗುತ್ತದೆಂದು ನೋಡಲು ಬೆಳೆಸಲಿಟ್ಟರು. ಕ್ಷಯದ ರೋಗಾಣು ನಿಧಾನವಾಗಿ ಬೆಳೆಯುತ್ತದೆ, ಫಲಿತಾಂಶ ಬರಲು ಎರಡು ತಿಂಗಳು ಬೇಕು. ನವರಾತ್ರಿಯ ಹೊತ್ತಿಗೆ ಅಲ್ಲಿನ ಡಾಕ್ಟರಮ್ಮ ಕರೆಸಿ, ಬಿಳಿ ಮಾತ್ರೆ ಇನ್ನು ನನ್ನ ರೋಗಕ್ಕೆ ತಾಗುವುದಿಲ್ಲ ಎಂದರು. ಯುಗಾದಿಯಿಂದ ಪುಡಿ ಚೆಲ್ಲುತ್ತಿದ್ದ ವಿಷಯ ಒಪ್ಪಿಕೊಂಡೆ. ರೋಗಾಣು ಮಾತ್ರೆಯನ್ನು ಎದುರಿಸಲು ಕಲಿತುಬಿಟ್ಟಿತೇ ಎಂದು ಕೇಳಿದೆ.

“ಕಲಿಯೋದೆಲ್ಲ ಇಲ್ಲಪ್ಪ ಲಾಯರೇ. ಒಂದು ಎರಡಾಗಿ, ಎರಡು ನಾಲ್ಕಾಗಿ ಕೋಟಿಗಟ್ಟಲೆ ಆಗೋವಾಗ ಯಾವುದೋ ಒಂದರ ಜೀನಿನಲ್ಲಿ ತಾನಾಗೇ ಚೂರು ವ್ಯತ್ಯಾಸ ಆಗಿರುತ್ತೆ. ಅದಕ್ಕೆ ಮಾತ್ರೆ ತಾಗಲ್ಲ. ಪುಡಿ ಇದ್ದಿದ್ರೆ ಅದು ಸಾಯ್ತಿತ್ತು. ನೀನು ಉಳಿದವನ್ನೆಲ್ಲ ಕೊಂದು ಅದೊಂದಕ್ಕೆ ಜಾಗ ಖಾಲಿ ಮಾಡಿಕೊಟ್ಟೆ.”

ನನಗೆ ಬೇರೆ ಔಷಧಿಗಳು ಶುರುವಾದವು. ನನ್ನ ಭಯ ಅದಲ್ಲ. ಅದೇ ವಾರ ಗೌರಿಗೆ ಜ್ವರ ಹತ್ತಿತ್ತು. ಕುತ್ತಿಗೆಯಲ್ಲಿ ಗಂಟು. ಎಕ್ಸ್‌ರೇಯಲ್ಲಿ ಅವಳ ಪುಟ್ಟ ಎದೆಯೊಳಗೊಂದು ಮಚ್ಚೆ. ಪುಟ್ಟ ಮಕ್ಕಳು ಕಫ ಉಗುಳದೆ ನುಂಗುತ್ತವೆಂದು, ಖಾಲಿ ಹೊಟ್ಟೆಯಲ್ಲಿ ಮೂಗಿನಿಂದ ಕೊಳವೆ ಇಳಿಸಿ ಹೊಟ್ಟೆಯ ನೀರನ್ನು ಪರೀಕ್ಷೆಗೆ ತೆಗೆದರು. ಅಕ್ಕ ಕೈಕಾಲು ಹಿಡಿದಿದ್ದಳು, ನಾನು ಬಾಗಿಲಾಚೆ ಗೋಡೆ ಹಿಡಿದು ನಿಂತಿದ್ದೆ. ನನ್ನಿಂದಲೇ ಅಂಟಿದ್ದು, ಅದರಲ್ಲಿ ಅನುಮಾನವಿಲ್ಲ. ಅವಳಿಗೂ ಅದೇ ಇಂಜೆಕ್ಷನ್, ಅದೇ ಬಿಳಿ ಮಾತ್ರೆ. ನನ್ನಲ್ಲಿ ಬೆಳೆದ ಆ ಮೊಂಡು ರೋಗಾಣು ಅವಳೊಳಗೂ ಇದ್ದರೆ ಮಾತ್ರೆ ಕೊಟ್ಟೂ ಕೊಡದಂತೆ. ತಿಳಿಯಲು ಮತ್ತೆ ಎರಡು ತಿಂಗಳು.

ಮೂರು ವಾರ ಕಳೆದರೂ ಜ್ವರ ಇಳಿಯಲಿಲ್ಲ. ಬೀದಿ ಕೋಣೆಯಲ್ಲಿ ಕೂತು ಅವಳ ಕೆಮ್ಮು ಎಣಿಸುತ್ತಿದ್ದೆ. ಅಕ್ಕ ನನ್ನನ್ನು ಬೈಯಲಿಲ್ಲ, ಮುಖವನ್ನೂ ನೋಡಲಿಲ್ಲ. ಅಷ್ಟು ದಿನದ ನನ್ನ ವಾದಗಳಲ್ಲಿ ಆ ಕೂಸಿನ ಮುಂದೆ ಹೇಳಬಹುದಾದದ್ದು ಒಂದೂ ಸಿಗಲಿಲ್ಲ.

ಒಂದು ಸೋಮವಾರ ಬೆಳಿಗ್ಗೆ ಸ್ನಾನ ಮಾಡಿ ಹೊಸಿಲ ಬಳಿ ನಿಂತು, ನನ್ನ ಲಿಂಗ ಎಲ್ಲಿದೆ ಅವ್ವ ಎಂದೆ. ಅವ್ವ ಒಳಗಿಂದ ತಂದಳು. ಅದರ ಮೇಲಿನ ವಿಭೂತಿ ಇನ್ನೂ ಹಸಿ ಇತ್ತು.

“ನನ್ನ ಲಿಂಗದ ಜೊತೆ ಇದಕ್ಕೂ ದಿನಾ ಪೂಜೆ ಮಾಡೀನಿ. ನೀ ಬಿಟ್ಟರೆ ಅದು ಉಪವಾಸ ಇರಬೇಕೇನು?”

ಎಡ ಅಂಗೈಯಲ್ಲಿಟ್ಟುಕೊಂಡು ಕೂತೆ. ನನ್ನನ್ನು ಉಳಿಸು ಅನ್ನಲಿಲ್ಲ. ನನ್ನ ತಪ್ಪು ಆ ಕೂಸಿನ ಎದೆಯಲ್ಲಿ ಬೆಳೆಯದಿರಲಿ, ಅಷ್ಟೇ ಕೇಳಿದೆ. ಹೆದರಿಕೆ ಹೋಗಲಿಲ್ಲ. ದಿನಾ ಹೆದರಿಕೊಂಡೇ ಕೂರುತ್ತಿದ್ದೆ.

ಫಲಿತಾಂಶ ಬಂದ ದಿನ ಡಾಕ್ಟರಮ್ಮ ಕಾಗದವನ್ನು ಎರಡು ಸಲ ಓದಿದರು. ಮಗುವಿನ ರೋಗಾಣುವಿಗೆ ಬಿಳಿ ಮಾತ್ರೆ ತಾಗುತ್ತಿತ್ತು.

“ಇವು ನಿನ್ನ ಹಳೇವಿರಬೇಕು. ಮೊದಲು ಕಾಯಿಲೆ ಬಿದ್ದಾಗ ಅಂಟಿದ್ದು” ಎಂದವರು ಕನ್ನಡಕ ತೆಗೆದರು. “ಯುಗಾದಿಯಿಂದ ಈಚೆಗೆ ಮಗೂನ ಎತ್ಕೊಂಡಿದ್ಯಾ?”

“ಇಲ್ಲ. ಒಂದು ಸಲಾನೂ ಇಲ್ಲ.”

“ಯಾರಪ್ಪ ಹೇಳಿದ್ದು ನಿನಗೆ?”

ವೇದಿಕೆಯ ಮೇಲೆ ಎಂದೂ ಮಾತಿಗೆ ತಡವರಿಸದವನು ಅಲ್ಲಿ ನಿಂತು ಅತ್ತೆ. ಪುಡಿ ಚೆಲ್ಲತೊಡಗಿದ ವಾರವೇ ಲಿಂಗ ತೆಗೆದಿದ್ದೆ. ಆ ಮೊಂಡು ರೋಗಾಣು ನನ್ನೊಳಗೆ ತಲೆಯೆತ್ತುವ ಮೊದಲೇ ಅವ್ವ ನನ್ನನ್ನು ಹೊಸಿಲಾಚೆ ಹಾಕಿದ್ದಳು. ಅವಳಿಗೆ ಪುಡಿಯ ಸುದ್ದಿಯಾಗಲಿ ಆ ರೋಗಾಣುವಿನ ಸುದ್ದಿಯಾಗಲಿ ಗೊತ್ತಿರಲಿಲ್ಲ.

ಕಾಕತಾಳೀಯ ಅನ್ನುವಿರಾ? ಆ ವಾದವನ್ನು ನಾನೇ ನಿಮಗಿಂತ ಚೆನ್ನಾಗಿ ಮಂಡಿಸಬಲ್ಲೆ. ತಿಂಗಳುಗಟ್ಟಲೆ ನನಗೆ ನಾನೇ ಮಂಡಿಸಿಕೊಂಡೆ. ನಾನು ಬಿಟ್ಟ ಮೇಲೂ ನನ್ನನ್ನು ಬಿಡದೆ ಕಾದವನು ಒಬ್ಬನಿದ್ದಾನೆ ಎನ್ನುವುದರ ಮುಂದೆ ಅದು ನಿಲ್ಲಲಿಲ್ಲ.

ಜ್ವರ ಮೆಲ್ಲಗೆ ಇಳಿದು, ಗೌರಿ ಈಗ ಅಂಗಳದಲ್ಲಿ ಓಡಾಡುತ್ತಾಳೆ. ನನ್ನ ಕಫವನ್ನು ಮೂರು ಸಲ ಪರೀಕ್ಷಿಸಿದರೂ ರೋಗಾಣು ಸಿಗಲಿಲ್ಲ. ಮೂರನೆಯ ಚೀಟಿ ತಂದ ದಿನ ಅವ್ವ ಮಗುವನ್ನು ತಂದು ನನ್ನ ತೊಡೆಯ ಮೇಲೆ ಕೂರಿಸಿದಳು. ನಾನು ಉಸಿರು ಬಿಗಿಹಿಡಿದು, ಮುಖ ಪಕ್ಕಕ್ಕೆ ತಿರುಗಿಸಿ ಕೂತೆ. ಆ ಅಭ್ಯಾಸ ಇನ್ನೂ ಹೋಗಿಲ್ಲ. ಬೆಳಿಗ್ಗೆ ಪೂಜೆ ಮುಗಿದೊಡನೆ ಎಲ್ಲ ಔಷಧಿಯನ್ನೂ ಅವ್ವನ ಎದುರೇ ನುಂಗುತ್ತೇನೆ, ಒಂದನ್ನೂ ಬಿಡದೆ.