ಹೊಟ್ಟೆ ಇಲ್ಲದ ಹಾಯಿ

ನಾನು ಬಿಜಾಪುರದ ಕಡೆಯವನು. ಕನ್ನಡ ಶಾಲೆಯಲ್ಲಿ ನಾಲ್ಕನೆಯ ಇಯತ್ತೆವರೆಗೆ ಓದಿದ್ದೇನೆ. ಆಮೇಲೆ ಓದಿದ್ದೆಲ್ಲ ಲಾರಿಗಳ ಹಿಂದೆ ಬರೆದದ್ದು. ಬೈಕುಲ್ಲಾದ ಒಂದು ಗಲ್ಲಿಯಲ್ಲಿ ನಾನೂ ನನ್ನ ಅಣ್ಣನೂ ಲಾರಿಗಳ ಮೇಲೆ ಹೊದಿಸುವ ತಾಡಪತ್ರಿ ಹೊಲಿಯುತ್ತಿದ್ದೆವು. ಸಮುದ್ರವನ್ನು ನೋಡುತ್ತಿದ್ದದ್ದು ಚೌಪಾಟಿಯಲ್ಲಿ ಭೇಲ್ ತಿನ್ನುವಾಗ ಮಾತ್ರ. ಅಂಥ ನಮ್ಮ ಕೈಗೆ ಒಂದು ಹಾಯಿ ಬಂತು, ಅದನ್ನು ನಾನು ಕೆಡಿಸಿದೆ. ಈ ಮಾತನ್ನು ಹೇಳಬೇಕಾದ ಕಡೆ ಹೇಳಲಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಕೊಲಾಬಾ ಕಡೆ ದಂಡೆಯ ಮೇಲೆ ಹಾಯಿದೋಣಿಗಳ ಕ್ಲಬ್ಬೊಂದಿತ್ತು. ಅಲ್ಲಿನ ಹಾಯಿಗಳನ್ನು ನೋಡಿಕೊಳ್ಳುತ್ತಿದ್ದ ಮುದುಕ ಉಸ್ತಾದನ ಹತ್ತಿರ ಅಣ್ಣ ಎರಡು ವರ್ಷ ರವಿವಾರಗಳಂದು ಹೋಗಿ ಕೆಲಸ ಕಲಿತಿದ್ದ. ಉಸ್ತಾದನ ಕಣ್ಣು ಮಂಜಾಗಿ ಅವನು ಊರಿಗೆ ಹೋದ ಮೇಲೆ ಆ ಜಾಗ ಖಾಲಿಯಾಯಿತು. ತಿಂಗಳ ಪಗಾರ, ಜೊತೆಗೆ ಕ್ಲಬ್ಬಿನ ಹಿಂದೆ ಒಂದು ಖೋಲಿ. ನಾವಾಗ ಆಂಟಾಪ್ ಹಿಲ್‌ನಲ್ಲಿ ಒಂದೇ ಖೋಲಿಯಲ್ಲಿ ಏಳು ಜನ ಮಲಗುತ್ತಿದ್ದೆವು. ಕ್ಲಬ್ಬಿನ ಸೆಕ್ರೆಟರಿ ಅಣ್ಣನಿಗೆ ಹೇಳಿದರು: ಜನವರಿಯ ರಜೆಗೆ ಎಲ್ಲ ದೋಣಿಗಳೂ ಸಮುದ್ರದಾಚೆ ದಂಡೆಯ ಮಾಂಡವಾಕ್ಕೆ ಹೋಗುತ್ತವೆ, ಒಬ್ಬ ಮೆಂಬರ್ ಸಾಹೇಬರಿಗೆ ಹೊಸ ಹಾಯಿ ಬೇಕಾಗಿದೆ, ಅದು ಚೆನ್ನಾಗಿ ಓಡಿದರೆ ಜಾಗ ನಿನ್ನದೇ.

ತಾಡಪತ್ರಿ ಚಪ್ಪಟೆಯಾಗಿರಬೇಕು. ಒಂದು ಸುಕ್ಕು ಬಿದ್ದರೂ ಅಲ್ಲಿ ನೀರು ನಿಂತು ಲಾರಿಯೊಳಗಿನ ಮಾಲು ಹಾಳಾಗುತ್ತದೆ, ಲಾರಿ ಮಾಲೀಕ ಅದನ್ನು ನಮ್ಮ ಮುಖಕ್ಕೇ ಎಸೆಯುತ್ತಾನೆ. ಹಾಯಿ ಹಾಗಲ್ಲ, ಗಾಳಿ ತುಂಬಿದಾಗ ಅದಕ್ಕೆ ಹೊಟ್ಟೆ ಬರಬೇಕು. ಅದಕ್ಕಾಗಿ ಬಟ್ಟೆಯ ಪಟ್ಟಿಗಳನ್ನು ಜೋಡಿಸುವಾಗ ಹೊಲಿಗೆಯನ್ನು ತುದಿಯಲ್ಲಿ ಕೊಂಚ ಬಾಗಿಸಬೇಕು. ಇದು ಅಣ್ಣನಿಗೆ ಗೊತ್ತಿತ್ತು, ನನಗೆ ಗೊತ್ತಿರಲಿಲ್ಲ. ಅವನು ಸೀಮೆಸುಣ್ಣದಿಂದ ಗೆರೆಗಳನ್ನೆಲ್ಲ ಎಳೆದಿಟ್ಟು, "ಗೆರಿ ಮ್ಯಾಲ ಹೊಲಕೋತ ಹೋಗು, ಬ್ಯಾರೆ ಏನೂ ವಿಚಾರ ಮಾಡಬ್ಯಾಡ" ಎಂದು ಹೇಳಿ, ಹಗ್ಗ ಪೋಣಿಸುವ ಹಿತ್ತಾಳೆ ಕಣ್ಣುಗಳನ್ನು ತರಲು ಜೋಗೇಶ್ವರಿಗೆ ಹೋದ.

ನಾನು ವಿಚಾರ ಮಾಡಿದೆ. ಗೆರೆಗಳು ಸೊಟ್ಟಗಿದ್ದವು. ಗಡಿಬಿಡಿಯಲ್ಲಿ ಅಣ್ಣನ ಕೈ ನಡುಗಿರಬೇಕು, ಇದು ಸಾಹೇಬರ ಕಣ್ಣಿಗೆ ಬಿದ್ದರೆ ಅವನ ಮರ್ಯಾದೆ ಹೋಗುತ್ತದೆ ಎಂದುಕೊಂಡು, ಉದ್ದನೆಯ ಮರದ ಪಟ್ಟಿ ಇಟ್ಟು ಹೊಸ ಗೆರೆ ಎಳೆದೆ. ಹಳೆಯ ಗೆರೆಗಳನ್ನು ಒದ್ದೆ ಬಟ್ಟೆಯಿಂದ ಒರೆಸಿದೆ. ಅಷ್ಟು ನೆಟ್ಟಗೆ ನಾನು ಯಾವತ್ತೂ ಹೊಲಿದಿರಲಿಲ್ಲ. ಅಣ್ಣ ಬಂದಾಗ ಹಾಯಿಯನ್ನು ಮಡಚಿ ಇಟ್ಟಾಗಿತ್ತು. ಮೂಲೆಗಳಿಗೆ ಕಣ್ಣು ಹೊಡೆದು ಚೀಲಕ್ಕೆ ತುಂಬಿದ. ನನ್ನ ಕೆಲಸವನ್ನು ಬಿಚ್ಚಿ ಪರೀಕ್ಷೆ ಮಾಡುವ ಅಭ್ಯಾಸ ಅವನಿಗಿರಲಿಲ್ಲ.

ಹೊರಡುವ ದಿನ ಬೆಳಿಗ್ಗೆ ಬಂದರಿನಲ್ಲಿ ತೋಫು ಹಾರಿಸಿದರು. ಸಾಹೇಬರೆಲ್ಲ ಕಪ್ತಾನರ ಟೋಪಿ ಹಾಕಿಕೊಂಡು, ಮಕ್ಕಳ ಹಣೆಗೆ ಮುತ್ತಿಟ್ಟು, ಸಮುದ್ರದ ಕಷ್ಟಗಳಿಗೆ ಸಿದ್ಧರಾಗಿ ದೋಣಿ ಹತ್ತಿದರು. ಆ ಕಷ್ಟಗಳಿಗೆ ಬೇಕಾದ ಬರ್ಫ, ಬಿಯರು, ಬೆತ್ತದ ಕುರ್ಚಿಗಳು, ಮೇಜಿನ ಬಿಳಿ ಬಟ್ಟೆಗಳು, ಅಡುಗೆಗೆ ಇಬ್ಬರು ಬಬರ್ಚಿಗಳು ಮತ್ತು ಒಬ್ಬ ಮೇಮ್‌ಸಾಹೇಬರ ನಾಯಿ, ಇವೆಲ್ಲ ಇಂಜಿನ್ ಲಾಂಚಿನಲ್ಲಿ ಹಿಂದಿನಿಂದ ಬಂದವು. ಹಾಯಿ ಹರಿದರೆ ಹೊಲಿಯಲು ಅಣ್ಣನೂ ನಾನೂ ಅದರಲ್ಲೇ ಇದ್ದೆವು. ನಮ್ಮ ಪಕ್ಕದಿಂದ ಅಲಿಬಾಗ್ ಕಡೆಯ ಕಾಯಿಪಲ್ಯೆ ಮಾರುವ ಹೆಂಗಸರ ಲಾಂಚು ಹೋಯಿತು. ದಿನಾ ಆ ಸಮುದ್ರವನ್ನು ಎರಡು ಸಲ ದಾಟುವ ಅವರಿಗೆ ಯಾರೂ ತೋಫು ಹಾರಿಸಿರಲಿಲ್ಲ.

ಉಳಿದ ದೋಣಿಗಳ ಹಾಯಿಗಳು ಬಸುರಿಯರ ಹಾಗೆ ಉಬ್ಬಿದವು. ನಮ್ಮ ಹಾಯಿ ಗೋಡೆಯ ಹಾಗೆ ನಿಂತಿತು. ಅಣ್ಣ ಕೈಯಿಂದ ಬಿಸಿಲು ಮರೆಮಾಡಿಕೊಂಡು ನೋಡಿದ, ನನ್ನ ಕಡೆ ತಿರುಗಿದ, ಮತ್ತೆ ಹಾಯಿ ನೋಡಿದ.

"ನಾ ಎಳದಿದ್ದ ಗೆರಿ ಏನಾದುವಲೇ?"

"ಸೊಟ್ಟ ಇದ್ದುವು ಭಾಯ್. ನೆಟ್ಟಗ ಮಾಡೀನಿ."

ಅವನು ಬೈಯಲಿಲ್ಲ. ಮೊದಲು ಜೋರಾಗಿ ನಕ್ಕ, ಬಬರ್ಚಿ ತಿರುಗಿ ನೋಡುವಷ್ಟು. ಆಮೇಲೆ ಮಾಂಡವಾ ಬರುವ ತನಕ ಹಿಂದೆ ಬೀಳುತ್ತಿದ್ದ ಆ ದೋಣಿಯ ಕಡೆ ಮುಖ ಮಾಡಿ ಕೂತ.

ನಮ್ಮ ಸಾಹೇಬರ ದೋಣಿ ಎಲ್ಲರ ಊಟ ಮುಗಿದ ಮೇಲೆ ಬಂತು, ಅದೂ ಲಾಂಚು ಹೋಗಿ ಹಗ್ಗ ಕಟ್ಟಿ ಎಳೆದ ಮೇಲೆ. ಎಳೆಸಿಕೊಂಡು ಬಂದವರ ವಿಷಯ ಎತ್ತಬಾರದೆಂಬುದು ಆ ಕ್ಲಬ್ಬಿನ ರಿವಾಜು. ಹಾಗಾಗಿ ಜೆಟ್ಟಿ ಕಾಣುವ ಮೊದಲೇ ಹಗ್ಗ ಬಿಚ್ಚಿದರು. ಸಾಹೇಬರು ತಾವೇ ದೋಣಿ ನಡೆಸಿಕೊಂಡು ಬಂದವರ ಹಾಗೆ ಬಂದರು, ಎಲ್ಲರೂ ಚಪ್ಪಾಳೆ ತಟ್ಟಿದರು. ತಡವಾದದ್ದಕ್ಕೆ ಒಬ್ಬರು ನೀರಿನ ಸೆಳೆತ ಎಂದರು, ಇನ್ನೊಬ್ಬರು ದೋಣಿಯಲ್ಲಿದ್ದ ಮಾವನವರ ತೂಕ ಎಂದರು. ಸಾಹೇಬರು ಮಾತ್ರ ಹಾಯಿಯನ್ನು ಇಳಿಸಿ ಮರಳಿನ ಮೇಲೆ ಒಗೆದು, ಹೊಲಿದವರು ಯಾರೆಂದು ಕೇಳಿದರು: "ಕಿಸ್ನೆ ಸಿಯಾ ಯೆ?"

ನಾನು ಅಣ್ಣನ ಪಕ್ಕದಲ್ಲೇ ನಿಂತಿದ್ದೆ. ಬಾಯಿ ತೆರೆಯಲು ಸಾಕಷ್ಟು ಹೊತ್ತಿತ್ತು. ಸೆಕ್ರೆಟರಿಯೂ ನೋಡುತ್ತಿದ್ದರು. ಅಣ್ಣ ಒಂದು ಕ್ಷಣ ನನಗಾಗಿ ಕಾದ, ಅದು ನನಗೆ ಗೊತ್ತಾಯಿತು. ನಾನು ನನ್ನ ಚಪ್ಪಲಿಯ ಮರಳು ಕೊಡವಿದೆ.

"ಮೈನೇ, ಸಾಬ್," ಎಂದ ಅಣ್ಣ.

ಅಲ್ಲಿಗೆ ಆ ಜಾಗ ಹೋಯಿತು.

ಮರುದಿನ ಬಿಸಿಲೇರಿದಾಗ ಲಾಂಚಿನವರು ಎಲ್ಲವನ್ನೂ ತಂದು ನೆರಳಿನ ಬಟ್ಟೆಯೊಂದನ್ನು ಮರೆತಿದ್ದಾರೆಂದು ತಿಳಿಯಿತು. ಮೇಮ್‌ಸಾಹೇಬರು ಕೆಂಪಾಗತೊಡಗಿದರು. ಬಬರ್ಚಿ ಮರಳಿನಲ್ಲಿ ಬಿದ್ದಿದ್ದ ಹಾಯಿಯನ್ನು ತೋರಿಸಿದ. ನಾನೂ ಅಣ್ಣನೂ ಅದರ ಮೂರು ಮೂಲೆಗಳನ್ನು ಮೂರು ಗಾಳಿಮರಗಳಿಗೆ ಬಿಗಿದು ಕಟ್ಟಿದೆವು. ಒಂದು ಸುಕ್ಕಿಲ್ಲ. ಎಷ್ಟು ಗಾಳಿ ಬೀಸಿದರೂ ಅಲುಗಲಿಲ್ಲ. ಸೆಕ್ರೆಟರಿಯ ಹೆಂಡತಿ ತಲೆಯೆತ್ತಿ ನೋಡಿ, ಕ್ಲಬ್ಬಿನ ಲಾನಿಗೆ ಇಂಥದೇ ಬೇಕು, ಇದನ್ನು ಹೊಲಿದವರು ಯಾರು ಎಂದು ಹಿಂದಿಯಲ್ಲಿ ಕೇಳಿದರು.

ಅಣ್ಣ ನನ್ನ ಹೆಗಲ ಮೇಲೆ ಕೈಯಿಟ್ಟ. "ಮೇರಾ ಛೋಟಾ ಭಾಯಿ."

ಸೆಕ್ರೆಟರಿ ಅಲ್ಲೇ ಇದ್ದರು. ಹಾಯಿಯ ಸಾಹೇಬರೂ ಅದರ ಕೆಳಗೇ ಕೂತು ಪಾಪ್ಲೆಟ್ ಮೀನು ತಿನ್ನುತ್ತಿದ್ದರು. ಅದೇ ಬಟ್ಟೆ, ಅದೇ ಹೊಲಿಗೆ. ನಿನ್ನೆ ಹೊಲಿದವನು ಇವತ್ತು ಹೇಗೆ ಬೇರೆಯಾದ ಎಂದು ಒಬ್ಬರೂ ಕೇಳಲಿಲ್ಲ. ಸಾಹೇಬರು, "ಬಹುತ್ ಅಚ್ಛಾ," ಎಂದು ಮುಳ್ಳನ್ನು ತಟ್ಟೆಯ ಅಂಚಿಗಿಟ್ಟರು.

ಹೀಗೆ ಕ್ಲಬ್ಬಿನ ಕೆಲಸ ನನಗೆ ಸಿಕ್ಕಿತು. ಹಾಯಿ ಒಂದನ್ನು ಬಿಟ್ಟು ಉಳಿದದ್ದೆಲ್ಲ: ನೆರಳಿನ ಬಟ್ಟೆ, ಕುರ್ಚಿಯ ಗಾದಿ, ದೋಣಿಗಳ ಮುಚ್ಚಿಗೆ. ಖೋಲಿಯೂ ನನಗೇ ಬಂತು. ಹೆಂಡತಿ ಮಕ್ಕಳನ್ನು ಕರೆದುಕೊಂಡು ಅಲ್ಲಿಗೆ ಹೋದೆ. ಅಣ್ಣ ಆಂಟಾಪ್ ಹಿಲ್‌ನಲ್ಲೇ ಉಳಿದ.

ಎರಡು ವರ್ಷದ ಮೇಲೆ ಕ್ಲಬ್ಬಿಗೆ ಮತ್ತೆ ಹಾಯಿ ಹೊಲಿಯುವವನು ಬೇಕಾದ. ಸೆಕ್ರೆಟರಿ ನನ್ನನ್ನೇ ಕರೆದು, "ಯಾರಾದರೂ ಗೊತ್ತಿದ್ದರೆ ಹೇಳು. ನಿನ್ನ ಅಣ್ಣ ಮಾತ್ರ ಬೇಡ, ಅವನು ಹಾಯಿ ಕೆಡಿಸಿದವನು," ಎಂದರು. ಆಗ ನಾನು ಸಣ್ಣವನೇನೂ ಅಲ್ಲ, ಹೆದರಿಸುವವರೂ ಯಾರೂ ಇರಲಿಲ್ಲ. ಖೋಲಿಯ ನೆನಪಾಯಿತು. "ಹಾಂ ಸಾಬ್," ಎಂದೆ.

ಆ ಶುಕ್ರವಾರ ಅಣ್ಣನ ಮನೆಗೆ ಹೋಗಿದ್ದೆ. ಅವನ ಕಿವಿಗೆ ಸುದ್ದಿ ಬಿದ್ದಿತ್ತು.

"ಹಾಯಿ ಹೊಲ್ಯಾವ ಬೇಕಂತಲ್ಲ. ನನ್ನ ಹೆಸರು ಏನರ ಬಂತೇನೋ?"

"ಇಲ್ಲ ಭಾಯ್."

"ಬಂದ್ರ ಹೇಳು. ಖೋಲಿಗೀಲಿ ಏನೂ ಬ್ಯಾಡ. ರವಿವಾರ ಬಂದು ಹೊಲದು ಹೋಗ್ತೀನಿ. ಕೈ ಮರತೀತು."

"ಹೇಳ್ತೀನಿ," ಎಂದು ಅವನು ಕೊಟ್ಟ ಚಹಾ ಕುಡಿದೆ.

ಸೋಮವಾರ ಆ ಜಾಗಕ್ಕೆ ಮಝಗಾಂವ್ ಕಡೆಯ ಹೊಸಬನೊಬ್ಬ ಬಂದ. ಅವನ ಮಷೀನು ಭಾರವಾಗಿತ್ತು, ಮೆಟ್ಟಿಲು ಹತ್ತಿಸಲು ಇನ್ನೊಬ್ಬರು ಬೇಕಿತ್ತು. ನಾನೇ ಹೋಗಿ ಇನ್ನೊಂದು ಕಡೆ ಹಿಡಿದೆ.